ಕೋವಿಡ್ ಲಸಿಕೆ ಎರಡು ಡೋಸ್ ಆದವರೂ ಐಸಿಯುಗೆ ಹೋದರಲ್ಲ, ಯಾಕೆ?

ಸೇಡಂ ಕಡೆಯ ಓದುಗರೊಬ್ಬರ ಪ್ರಶ್ನೆ: "ನಮ್ಮ ಕಾಕಾಗೆ ಶುಗರ್ ಇತ್ತು. ಎರಡೂ ಡೋಸ್ ಆಗಿತ್ತು. ಆದರೂ ಕಲಬುರಗಿಯಲ್ಲಿ ಐಸಿಯುಗೆ ಹಾಕಬೇಕಾಯಿತು. ಅಲ್ಲಿ ಲಸಿಕೆ ಆದವರೇ ಜಾಸ್ತಿ ಇದ್ದರು. ಹಾಗಾದರೆ ಲಸಿಕೆಯಿಂದ ಏನು ಉಪಯೋಗ?"

ದೇಶದ ಮೊದಲ ಕೋವಿಡ್ ಸಾವನ್ನು 2020ರ ಮಾರ್ಚ್‌ನಲ್ಲಿ ಕಂಡ ಊರು ಕಲಬುರಗಿ. ಇಲ್ಲಿನವರು ಹೀಗೆ ಕೇಳಿದರೆ "ಲಸಿಕೆ ಒಳ್ಳೆಯದು ಬಿಡಿ" ಎಂದು ಸುಮ್ನೆ ಸಾಗಹಾಕಬಾರದು.

ಮೊದಲು ಎಣಿಕೆಯ ಮಾತು. ಲೆಕ್ಕಕ್ಕೆ ಅಂತ ಒಂದು ಊರು ಇಟ್ಟುಕೊಳ್ಳಿ. ಅಲ್ಲಿ 60 ದಾಟಿದವರು 1000 ಜನ. 900 ಜನರಿಗೆ ಲಸಿಕೆ ಆಗಿದೆ, 100 ಜನರಿಗೆ ಆಗಿಲ್ಲ. ಲಸಿಕೆ ಇಲ್ಲದವರಲ್ಲಿ ನೂರಕ್ಕೆ 10 ಜನ ಐಸಿಯು ಸೇರಿದರು, ಲಸಿಕೆ ಆದವರಲ್ಲಿ ನೂರಕ್ಕೆ 2 ಜನ. ಈಗ ಐಸಿಯು ಒಳಗೆ ಎಣಿಸಿ: ಲಸಿಕೆ ಆದವರು 18, ಆಗದವರು 10. ಅಪಾಯ ಐದರಲ್ಲಿ ಒಂದು ಪಾಲಿಗೆ ಇಳಿದಿದ್ದರೂ ಹಾಸಿಗೆಗಳಲ್ಲಿ ಕಾಣುವುದು ಲಸಿಕೆ ಆದವರೇ. ಕಾಯಿಲೆ ಬಿದ್ದರೂ ಮನೆಯಲ್ಲೇ ಗುಣವಾದವರು ವಾರ್ಡಿನಲ್ಲಿ ಕಾಣುವುದಿಲ್ಲ, ಅಲ್ವಾ?

ಇನ್ನು ಆಸ್ಪತ್ರೆಗೆ ಸೇರಿಯೇಬಿಟ್ಟವರ ಮಾತು. ಲಸಿಕೆ ಆಗಿಯೂ ಅಡ್ಮಿಟ್ ಆಗುವವರಲ್ಲಿ ವಯಸ್ಸಾದವರು, ಶುಗರ್, ಕಿಡ್ನಿ ತೊಂದರೆ ಇರುವವರು ಜಾಸ್ತಿ. ಹಾಗಾಗಿ ವಯಸ್ಸು, ಹಳೆಯ ಕಾಯಿಲೆ ಎರಡನ್ನೂ ಹಿಡಿದು ಹೋಲಿಸಬೇಕು. ಅಮೆರಿಕದ 21 ಆಸ್ಪತ್ರೆಗಳಲ್ಲಿ 2021ರಲ್ಲಿ ಹಾಗೆ ನೋಡಿದರು. ಅಡ್ಮಿಟ್ ಆದ 28 ದಿನದೊಳಗೆ ವೆಂಟಿಲೇಟರ್‌ಗೆ ಹೋದವರು ಅಥವಾ ತೀರಿಕೊಂಡವರು ಲಸಿಕೆ ಆಗದವರಲ್ಲಿ ಶೇ 24.7, ಆದವರಲ್ಲಿ ಶೇ 12. ಅಲ್ಲಿನ ಲಸಿಕೆ ನಮ್ಮ ಕೋವಿಶೀಲ್ಡ್, ಕೋವ್ಯಾಕ್ಸಿನ್ ಅಲ್ಲ, ಅದನ್ನೂ ಹೇಳಬೇಕು. ನಮ್ಮಲ್ಲೇ, ತಮಿಳುನಾಡಿನ 1,17,524 ಪೊಲೀಸರ ಲೆಕ್ಕ ನೋಡಿದಾಗ ಎರಡನೇ ಅಲೆಯಲ್ಲಿ ಎರಡು ಡೋಸ್ ಶೇ 95ರಷ್ಟು ಸಾವು ತಡೆದಿತ್ತು.

ಇದು ಹೇಗೆ? ಕೋವಿಡ್‌ನಲ್ಲಿ ಶ್ವಾಸಕೋಶ ಕೆಡುವುದು ಹೆಚ್ಚಾಗಿ ಎರಡನೇ ವಾರದ ಹೊತ್ತಿಗೆ. ಲಸಿಕೆ ಆಗಿದ್ದರೆ ದೇಹಕ್ಕೆ ವೈರಸ್ಸಿನ ಗುರುತು ಮೊದಲೇ ಇರುತ್ತದೆ. ಮೂಗು, ಗಂಟಲಲ್ಲಿ ಸೋಂಕು ತಗುಲಿದರೂ ಅದು ಎದೆಗೆ ಇಳಿದು ಹಬ್ಬುವ ಮುಂಚೆ ರೋಗನಿರೋಧಕ ಕಣಗಳು ಕೆಲಸಕ್ಕೆ ಇಳಿಯುತ್ತವೆ. ಸೋಂಕು ತಡೆಯುವ ಬಲ ಕೆಲವು ತಿಂಗಳಲ್ಲಿ ಕುಗ್ಗಿದರೂ ಕಾಯಿಲೆ ವಿಕೋಪಕ್ಕೆ ಹೋಗದಂತೆ ತಡೆಯುವ ಬಲ ಜಾಸ್ತಿ ದಿನ ಉಳಿಯುವುದು ಇದಕ್ಕೇ. ಕಿಡ್ನಿ ಕಸಿ ಆದವರಲ್ಲಿ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಲ್ಲಿ ಈ ತಯಾರಿಯೇ ಕಮ್ಮಿ. ಅಂಥವರ ಮನೆಯವರು ಹೆಚ್ಚುವರಿ ಡೋಸ್ ಬಗ್ಗೆ ಡಾಕ್ಟರನ್ನು ಕೇಳಲೇಬೇಕು.

ನಿಮ್ಮ ಕಾಕಾ ವಿಷಯದಲ್ಲಿ ಲಸಿಕೆ ಎಷ್ಟು ಕೆಲಸ ಮಾಡಿತು ಎಂದು ಯಾರೂ ಅಳೆದು ಹೇಳಲಾರರು. ಆದರೆ ಹಾಕಿಸಿದ್ದು ದಂಡವಾಯಿತು ಎಂದು ಮಾತ್ರ ಕೊರಗಬೇಡಿ.

ಲಸಿಕೆ ಆಗಿದೆ ಎಂಬ ಧೈರ್ಯದಲ್ಲಿ ಹಿರಿಯರನ್ನು ಮನೆಯಲ್ಲೇ ಇಟ್ಟುಕೊಂಡು ಕಾಯಲೂಬೇಡಿ. ಬೆರಳಿಗೆ ಆಕ್ಸಿಮೀಟರ್ ಹಾಕುವ ಮುಂಚೆ ಉಗುರಿನ ಬಣ್ಣ ಒರೆಸಿ, ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿ, ಅಂಕಿ ನಿಲ್ಲುವ ತನಕ ತಾಳಿ. ಆಕ್ಸಿಜನ್ ಅಂಕಿ 94ಕ್ಕಿಂತ ಕೆಳಗೆ ತೋರಿಸಿದರೆ, ಇಲ್ಲವೇ ಉಸಿರು ನಿಮಿಷಕ್ಕೆ 24 ದಾಟಿದರೆ ಅವತ್ತೇ, ರಾತ್ರಿಯಾಗಿದ್ದರೂ, 108ಕ್ಕೆ ಫೋನ್ ಮಾಡಿ.