ತೇಲುವ ದೋಣಿಗೆ ಅಳತೆ ತೆಗೆಯುವುದು

"ಈಗೆಲ್ಲ ಅಳತೆ ತೆಗೆಯುವ ಮೆಷೀನ್ ಬಂದಿದೆಯಲ್ಲ, ಕವರ್ ಸರಿಯಾಗಿ ಕೂರದೆ ಏನು?" ದುಬೈನಲ್ಲಿ ದೋಣಿಗಳಿಗೆ ಕವರ್ ಹೊಲಿಯುವ ನಮಗೆ ಮಾಲೀಕರು ಹೇಳುವ ಮಾತಿದು. ಮೆಷೀನ್ ಚೆನ್ನಾಗಿಯೇ ಇದೆ. ಆದರೆ ಮುಟ್ಟಿದ ಜಾಗ ಎಲ್ಲಿದೆ ಅಂತ ಮಾತ್ರ ಅದು ಹೇಳುತ್ತದೆ. ಎಲ್ಲಿ ಮುಟ್ಟಬೇಕು, ಯಾವಾಗ ಮುಟ್ಟಬೇಕು ಅನ್ನುವುದು ನಮ್ಮ ತಲೆನೋವು.

ಹಳೇ ಪದ್ಧತಿಯಲ್ಲಿ ದೋಣಿಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಟೇಪ್ ಹಚ್ಚಿ ಬಿಗಿಮಾಡಿ, ಮಾರ್ಕರ್‌ನಲ್ಲಿ ಗೆರೆ ಹಾಕಬೇಕು. ಗಾಳಿ ಬಂತೋ, ಮುಗೀತು. ಈಗ ನಾನು ಬಳಸುವುದು ನೆದರ್‌ಲ್ಯಾಂಡ್ಸ್‌ನ ಪ್ರೋಡಿಮ್ ಕಂಪನಿಯ ಪ್ರೋಲೈನರ್. ಪೆಟ್ಟಿಗೆಯಿಂದ ತೆಳ್ಳನೆ ತಂತಿ ಹೊರಬರುತ್ತದೆ, ಅದರ ತುದಿಗೆ ಪೆನ್. ಕವರ್ ಸಿಕ್ಕಿಸಲು ದೋಣಿಯಲ್ಲಿ ಕೂರಿಸಿರುವ ಪ್ರೆಸ್ ಬಟನ್ ಮೇಲೆ ಪೆನ್ನನ್ನಿಟ್ಟರೆ, ತಂತಿ ಎಷ್ಟು ಉದ್ದ ಬಂದಿದೆ, ಎಷ್ಟು ತಿರುಗಿದೆ ಅನ್ನುವುದರಿಂದ ಆ ಬಟನ್ ಇರುವ ಜಾಗದ ಲೆಕ್ಕ ಸಿಗುತ್ತದೆ. ಲೇಸರ್ ಸ್ಕ್ಯಾನರ್ ಕೂಡ ಇದೆ. ಆದರೆ ಫಳಫಳ ಹೊಳೆಯುವ ಸ್ಟೀಲ್ ಪೈಪು, ಗಾಜು ಅದರ ದಾರಿ ತಪ್ಪಿಸುತ್ತವೆ.

ಪೆಟ್ಟಿಗೆಯನ್ನು ಎಲ್ಲಿಡುತ್ತೀರಿ ಅನ್ನುವುದೇ ದೊಡ್ಡ ವಿಷಯ. ದೋಣಿ ಕಟ್ಟಿರುವ ಜೆಟ್ಟಿಯ ಮೇಲಿಟ್ಟರೆ ಕೆಲಸ ಕೆಟ್ಟಂತೆ. ಜೆಟ್ಟಿ ಒಂದು ಕಡೆ ಇರುತ್ತದೆ, ದೋಣಿ ಅಲ್ಲಾಡುತ್ತಲೇ ಇರುತ್ತದೆ. ಪಕ್ಕದಲ್ಲಿ ಇನ್ನೊಂದು ಬೋಟು ಹಾದುಹೋದರೆ ಸಾಕು, ನೀವು ಅಳೆದ ಬಿಂದುಗಳೆಲ್ಲ ಒಂದೊಂದು ದಿಕ್ಕಿಗೆ. ಪೆಟ್ಟಿಗೆ ದೋಣಿಯೊಳಗೇ ಗಟ್ಟಿಯಾಗಿ ಕೂತಿರಬೇಕು. ಆಗ ಎರಡೂ ಒಟ್ಟಿಗೇ ಅಲ್ಲಾಡುತ್ತವೆ, ಅಳತೆ ಕೆಡುವುದಿಲ್ಲ. ಉದ್ದದ ದೋಣಿಯಾದರೆ ಪೆಟ್ಟಿಗೆ ಸರಿಸಲೇಬೇಕು. ಅದಕ್ಕೇ ಮೊದಲೇ ಅಲ್ಲಲ್ಲಿ ಗುರುತು ಅಂಟಿಸಿರುತ್ತೇವೆ. ಸರಿಸಿದ ಮೇಲೆ ಅದೇ ಗುರುತುಗಳನ್ನು ಮತ್ತೆ ಮುಟ್ಟಿದರೆ ಎರಡೂ ಅಳತೆ ಕೂಡಿಕೊಳ್ಳುತ್ತವೆ.

ಇನ್ನು ಬಿಮಿನಿ ಟಾಪ್, ಅಂದರೆ ಬಿಸಿಲಿಗೆ ಅಂತ ಪೈಪುಗಳ ಮೇಲೆ ಬಿಗಿಯುವ ಬಟ್ಟೆಯ ಚಾವಣಿ. ಅದರ ಪೈಪುಗಳನ್ನು ಸುಮ್ನೆ ನಿಂತಿರುವಾಗ ಅಳೆದರೆ ಮೋಸ ಹೋಗುತ್ತೀರಿ. ಬಟ್ಟೆ ಬಿಗಿದ ತಕ್ಷಣ ಪೈಪು ಬಾಗುತ್ತದೆ. ಮೆಷೀನ್ ಕೊಟ್ಟ ಅಳತೆ ಸರಿ, ಹೊಲಿಗೆಯೂ ಸರಿ, ಆದರೂ ಟಾಪ್ ಜೋಲು ಜೋಲು. ಹಾಗಾಗಿ ಮೊದಲು ಪಟ್ಟಿಗಳಿಂದ ಪೈಪನ್ನು ಎಳೆದು ಕಟ್ಟಿ, ಬಟ್ಟೆ ಹಾಕಿದಾಗ ಹೇಗಿರುತ್ತದೋ ಹಾಗೆ ನಿಲ್ಲಿಸಿ, ಆಮೇಲೆ ಪೆನ್ ಹಿಡಿಯಬೇಕು.

ಜೋಲು ಬಿದ್ದರೆ ಏನಾಯ್ತು ಅನ್ನಬೇಡಿ. ಒಂದು ಚದರ ಮೀಟರ್ ಜಾಗದಲ್ಲಿ ಹತ್ತು ಸೆಂಟಿಮೀಟರ್ ನೀರು ನಿಂತರೆ 100 ಕೆಜಿ ಭಾರ. 2024ರ ಏಪ್ರಿಲ್ 16ರ ಭಾರೀ ಮಳೆ ಕಂಡ ಮೇಲೆ ಇಲ್ಲಿ "ದುಬೈನಲ್ಲಿ ಮಳೆ ಎಲ್ಲಿ ಸ್ವಾಮಿ" ಅನ್ನುವವರು ಕಮ್ಮಿಯಾಗಿದ್ದಾರೆ.

ಉಳಿದದ್ದು ಕಂಪ್ಯೂಟರ್ ಕೆಲಸ: ಈ ಅಳತೆಯಿಂದ ಬಟ್ಟೆ ಕತ್ತರಿಸುವ ನಕ್ಷೆ ಮಾಡುವುದು. ಎರಡೂ ದಿಕ್ಕಿಗೆ ಬಾಗಿದ ಮೈಯನ್ನು ಚಪ್ಪಟೆ ಮಾಡಲಾಗದು. ಬ್ಲೌಸಿಗೆ ಟಕ್ಸ್ ಹಿಡಿದ ಹಾಗೆ ತುಂಡು ಮಾಡಿ ಸೇರಿಸಬೇಕು. ಬಟ್ಟೆ ಎಷ್ಟು ಹಿಗ್ಗುತ್ತದೆ ಅಂತ ನೋಡಿ ಅಷ್ಟು ಚಿಕ್ಕದಾಗಿ ಕತ್ತರಿಸಬೇಕು. ಅಕ್ರಿಲಿಕ್ ಬಟ್ಟೆ ಓರೆಯಾಗಿ ಜಾಸ್ತಿ ಹಿಗ್ಗುತ್ತದೆ, ನೇರಕ್ಕೆ ಕಮ್ಮಿ. ಈ ಅಂದಾಜನ್ನು ಕಂಪ್ಯೂಟರ್‌ಗೆ ನಾವೇ ಹೇಳಬೇಕು.

ಆ ನಕ್ಷೆಯ ಫೈಲ್ ಉಳಿಯುವುದು ನಿಜಕ್ಕೂ ಲಾಭ. ಕೆಲವು ವರ್ಷ ಬಿಟ್ಟು ಬಟ್ಟೆ ಹೋದರೆ ಅದೇ ಫೈಲ್‌ನಿಂದ ಮತ್ತೆ ಕತ್ತರಿಸಬಹುದು. ಆದರೆ ಅದೇ ಮಾಡೆಲ್‌ನ ಬೇರೆ ದೋಣಿಗೆ ಇದನ್ನೇ ಕೊಡಿ ಅಂದರೆ ನಾನು ಒಪ್ಪುವುದಿಲ್ಲ. ದೋಣಿಯ ಮೈ ಒಂದೇ ಅಚ್ಚಿನದಿರಬಹುದು. ರೇಲಿಂಗ್, ಹಗ್ಗದ ಕೊಕ್ಕೆ, ಬಟನ್ ಎಲ್ಲ ಕೈಯಲ್ಲಿ ಕೂರಿಸಿದ್ದು. ಬಟನ್ ಒಂದು ಸೆಂಟಿಮೀಟರ್ ಆಚೀಚೆ ಇದ್ದರೂ ಕವರ್ ಸುಕ್ಕಾಗುತ್ತದೆ. ಹಾಗಾಗಿ ಹಳೇ ಫೈಲ್ ಇದ್ದರೂ ಬಟನ್‌ಗಳನ್ನಾದರೂ ಮತ್ತೆ ಮುಟ್ಟಿ ನೋಡಿಯೇ ಬಟ್ಟೆಗೆ ಕತ್ತರಿ ಹಾಕುತ್ತೇವೆ.