ಎಲ್ಲವನ್ನೂ ದೇವರು ಮೊದಲೇ ನಿರ್ಣಯಿಸಿದ್ದರೆ ನಾನು ನಂಬುವುದೇಕೆ?

ಪ್ರಶ್ನೆ: ಲೋಕ ಹುಟ್ಟುವುದಕ್ಕೂ ಮೊದಲೇ ದೇವರು ರಕ್ಷಣೆಯ ಯೋಜನೆಯನ್ನು ನಿರ್ಣಯಿಸಿದ್ದಾನೆಂದು ಪ್ರಸಂಗಗಳಲ್ಲಿ ಕೇಳುತ್ತೇವೆ. ಹಾಗಿದ್ದರೆ ನಾನು ನಂಬಿದರೂ ಬಿಟ್ಟರೂ ಒಂದೇ ಅಲ್ಲವೇ? ಹಣೆಬರಹಕ್ಕೂ ಇದಕ್ಕೂ ವ್ಯತ್ಯಾಸವೇನು? (ಗಂಗಾವತಿಯ ಓದುಗರೊಬ್ಬರು)

ಉತ್ತರ: ಕೊಪ್ಪಳ, ರಾಯಚೂರು, ಬಳ್ಳಾರಿ ಸೀಮೆಯ ಸಭೆಗಳಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಏಳುವುದು ಸಹಜವೇ. ಬೆಳೆ ಕೈಕೊಟ್ಟರೂ, ಕೂಡಿಬಂದ ಸಂಬಂಧ ಮುರಿದರೂ "ಹಣ್ಯಾಗ ಬರದದ್ದು ತಪ್ಪತೈತೇನು" ಎಂದು ಹಿರಿಯರು ಸುಮ್ಮನಾಗುವುದನ್ನು ನೋಡುತ್ತ ಬೆಳೆದವರಿಗೆ, ದೇವರ ಅನಾದಿ ಸಂಕಲ್ಪವೆಂಬ ಮಾತು ಅದೇ ಅರ್ಥದಲ್ಲಿ ಕಿವಿಗೆ ಬೀಳುತ್ತದೆ. ಆದರೆ ಹಣೆಬರಹದ ಮುಂದೆ ಮನುಷ್ಯನಿಗೆ ಉಳಿಯುವುದು ಅನುಭವಿಸುವುದೊಂದೇ. ಸತ್ಯವೇದ (ಬೈಬಲ್) ಹೇಳುವ ಯೋಜನೆಯಾದರೋ ವಾಗ್ದಾನದ ರೂಪದಲ್ಲಿ ಬರುತ್ತದೆ, ಮತ್ತು ವಾಗ್ದಾನಕ್ಕೆ ಕೇಳಿದವನು ಒಂದು ಉತ್ತರ ಕೊಡಲೇಬೇಕಾಗುತ್ತದೆ.

ಆ ಯೋಜನೆಯ ನಡುವೆ ನಿಂತಿರುವವನು ಕ್ರಿಸ್ತನು. ಆತನು ಜಗತ್ತಿನ ಉತ್ಪತ್ತಿಗೆ ಮೊದಲೇ ನೇಮಕವಾಗಿದ್ದು ಅಂತ್ಯಕಾಲದಲ್ಲಿ ಪ್ರತ್ಯಕ್ಷನಾದನೆಂದು ಯೇಸುವಿನ ಶಿಷ್ಯನಾದ ಪೇತ್ರನ ಮೊದಲನೆಯ ಪತ್ರಿಕೆ (1:20) ಹೇಳುತ್ತದೆ. ಅದೇ ಪೇತ್ರನು ಯೆಹೂದ್ಯರ ಹಬ್ಬವಾದ ಪಂಚಾಶತ್ತಮ ದಿನದಲ್ಲಿ ಯೆರೂಸಲೇಮಿನ ಜನರ ಮುಂದೆ ನಿಂತು, ಯೇಸು ದೇವರ ಸ್ಥಿರಸಂಕಲ್ಪದಂತೆಯೇ ಒಪ್ಪಿಸಲ್ಪಟ್ಟನೆಂದೂ, ಆದರೂ ಆತನನ್ನು ಕೊಲ್ಲಿಸಿದವರು ನೀವೇ ಎಂದೂ ಒಂದೇ ವಾಕ್ಯದಲ್ಲಿ ಹೇಳಿದನು (ಅಪೊಸ್ತಲರ ಕೃತ್ಯಗಳು 2:23). ಅಲುಗಿಹೋದ ಜನರು "ನಾವೇನು ಮಾಡಬೇಕು" ಎಂದು ಕೇಳಿದಾಗ, ಎಲ್ಲವೂ ಮೊದಲೇ ತೀರ್ಮಾನವಾಗಿರುವುದರಿಂದ ಮಾಡುವುದೇನೂ ಇಲ್ಲವೆಂದು ಅವನು ಹೇಳಲಿಲ್ಲ. ದೇವರ ಕಡೆಗೆ ತಿರುಗಿಕೊಂಡು ದೀಕ್ಷಾಸ್ನಾನ ಮಾಡಿಸಿಕೊಳ್ಳಿರಿ ಎಂದನು.

ನನಗೆ ಕೇಳಿದರೆ, ಈ ಪ್ರಶ್ನೆಗೆ ಅತ್ಯಂತ ಸ್ಪಷ್ಟವಾದ ಉತ್ತರ ಅದೇ ಪುಸ್ತಕದ 27ನೇ ಅಧ್ಯಾಯದ ಹಡಗಿನ ಪ್ರಸಂಗದಲ್ಲಿದೆ. ಕೈದಿಯಾಗಿ ರೋಮ್‌ಗೆ ಹೋಗುತ್ತಿದ್ದ ಅಪೊಸ್ತಲ ಪೌಲನಿದ್ದ ಹಡಗು ಬಿರುಗಾಳಿಗೆ ಸಿಕ್ಕಿ ದಿನಗಟ್ಟಲೆ ಸೂರ್ಯನಾಗಲಿ ನಕ್ಷತ್ರಗಳಾಗಲಿ ಕಾಣದಿದ್ದಾಗ, ಹಡಗಿನಲ್ಲಿರುವ ಒಬ್ಬರ ಪ್ರಾಣಕ್ಕೂ ಹಾನಿಯಾಗದೆಂದು ದೇವದೂತನು ರಾತ್ರಿ ಅವನಿಗೆ ತಿಳಿಸಿದನು. ಅಂದರೆ 276 ಜನರ ಉಳಿವು ಅಲ್ಲಿಗೆ ನಿಶ್ಚಯವಾಯಿತು. ಆದರೆ ಹದಿನಾಲ್ಕನೆಯ ರಾತ್ರಿ, ನೆಲ ಹತ್ತಿರವಾಗುತ್ತಿದೆಯೆಂದು ತೋರಿದಾಗ, ನಾವಿಕರು ಮುಂಭಾಗದಲ್ಲಿ ಲಂಗರು ಹಾಕುವವರಂತೆ ನಟಿಸುತ್ತ ತಾವಷ್ಟೇ ಪಾರಾಗಲು ಚಿಕ್ಕ ದೋಣಿಯನ್ನು ನೀರಿಗೆ ಇಳಿಸಿದರು. ಆಗ ಪೌಲನು, ದೇವರು ಮಾತು ಕೊಟ್ಟಿದ್ದಾನಲ್ಲ ಎಂದು ಸುಮ್ಮನೆ ಕೂಡದೆ, "ಇವರು ಹಡಗಿನಲ್ಲಿ ನಿಲ್ಲದಿದ್ದರೆ ನೀವು ಉಳಿಯಲಾರಿರಿ" ಎಂದು ಶತಾಧಿಪತಿಗೂ ಸಿಪಾಯಿಗಳಿಗೂ ಎಚ್ಚರಿಸಿದನು. ಸಿಪಾಯಿಗಳು ದೋಣಿಯ ಹಗ್ಗಗಳನ್ನೇ ಕತ್ತರಿಸಿಬಿಟ್ಟರು. ಬೆಳಗಾಗುತ್ತಿರುವಾಗ ಎಲ್ಲರಿಗೂ ಊಟ ಮಾಡಿಸಿದ್ದೂ ಅವನೇ. ಕೊನೆಗೆ ಹಡಗು ಒಡೆದು, ಈಜು ಬಲ್ಲವರು ಈಜಿ, ಉಳಿದವರು ಹಲಗೆಗಳನ್ನೂ ಹಡಗಿನ ತುಂಡುಗಳನ್ನೂ ಹಿಡಿದುಕೊಂಡು, ಒಬ್ಬರೂ ತಪ್ಪದೆ ದಡ ಸೇರಿದರು. ವಾಗ್ದಾನ ನೆರವೇರಿದ್ದು ಆ ಹಲಗೆಗಳ ಮೂಲಕವೇ. ಪೌಲನ ಭರವಸೆ ಅವನ ಕೈಕಟ್ಟಲಿಲ್ಲ. ಎಲ್ಲರೂ ಧೈರ್ಯಗೆಟ್ಟಿದ್ದ ಹೊತ್ತಿನಲ್ಲಿ ಮಾಡಬೇಕಾದ್ದನ್ನು ಮಾಡುವ ಧೈರ್ಯ ಕೊಟ್ಟಿತು.

ನಮ್ಮ ನೆಲದಲ್ಲೂ ಇದು ಹಾಗೆಯೇ ನಡೆದಿದೆ. ಸುವಾರ್ತೆ ಎಲ್ಲ ಜನಾಂಗಗಳಿಗೂ ಮುಟ್ಟಬೇಕೆಂಬುದು ದೇವರ ಹಳೆಯ ಸಂಕಲ್ಪವೆಂದು ನಂಬಿದ್ದ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್, 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡ ಕಲಿತು, ಅನುವಾದಕ್ಕೆ ಕೂತರು. ಸಮಗ್ರ ಬೈಬಲ್ ಕನ್ನಡದಲ್ಲಿ ಸಿದ್ಧವಾಗುವ ಹೊತ್ತಿಗೆ 1831 ಬಂದಿತ್ತು.

ಇನ್ನು, ದೇವರ ಆಯ್ಕೆ ಮೊದಲೋ ಮನುಷ್ಯನ ನಂಬಿಕೆ ಮೊದಲೋ ಎಂಬ ಚರ್ಚೆಯಿದೆ. ಆಯ್ಕೆಯೇ ನಂಬಿಕೆಗೆ ಕಾರಣವೆಂದು 16ನೇ ಶತಮಾನದ ಸುಧಾರಕ ಕಾಲ್ವಿನ್ ಪರಂಪರೆಯವರೂ, ಯಾರು ನಂಬುವರೆಂಬುದನ್ನು ಮುಂಚಿತವಾಗಿ ಬಲ್ಲ ದೇವರು ಅವರನ್ನು ಆರಿಸಿಕೊಂಡನೆಂದು 18ನೇ ಶತಮಾನದ ಮೆಥಡಿಸ್ಟ್ ಬೋಧಕ ವೆಸ್ಲಿ ಪರಂಪರೆಯವರೂ ಹೇಳುತ್ತಾರೆ. ಶತಮಾನಗಳಿಂದ ಬಗೆಹರಿಯದ್ದನ್ನು ಇಲ್ಲಿ ತೀರಿಸಿಬಿಡುವ ಹುಂಬತನ ನನಗಿಲ್ಲ. ಆದರೆ ನಂಬದಿದ್ದರೂ ನಡೆಯುತ್ತದೆಂದು ಆ ಇಬ್ಬರಲ್ಲಿ ಯಾರೂ ಬೋಧಿಸಿಲ್ಲ.

ಭರವಸೆಗೆ ಕಷ್ಟವಾಗುವುದು ತಡ. ಅಬ್ರಹಾಮನು ವಾಗ್ದಾನವನ್ನು ನಂಬಿ ಹೊರಟಾಗ ಅವನಿಗೆ 75 ವರ್ಷ, ಇಸಾಕನು ಹುಟ್ಟಿದಾಗ 100. ನಡುವೆ ತಾಳಲಾರದೆ ಮನೆಯ ದಾಸಿ ಹಾಗರಳ ಮೂಲಕ ಮಗನನ್ನು ಪಡೆದದ್ದೂ, ಅದರಿಂದ ಮನೆಯಲ್ಲಿ ಜಗಳ ಹುಟ್ಟಿದ್ದೂ ಆದಿಕಾಂಡದಲ್ಲಿ ಮುಚ್ಚುಮರೆಯಿಲ್ಲದೆ ದಾಖಲಾಗಿದೆ. ಆದರೂ ದೇವರು ಕೊಟ್ಟ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ.

ಕೊನೆಯದಾಗಿ, ಆ ಯೋಜನೆಯಲ್ಲಿ ತಾನಿದ್ದೇನೋ ಇಲ್ಲವೋ ಎಂಬ ಅಂಜಿಕೆ ಈ ಪ್ರಶ್ನೆಯ ಹಿಂದೆ ಇರಬಹುದು. ಅದನ್ನು ತಿಳಿಯಲು ದೇವರ ಗುಟ್ಟನ್ನು ಇಣುಕಿ ನೋಡಬೇಕೆಂದು ಸತ್ಯವೇದ ಎಲ್ಲಿಯೂ ಹೇಳುವುದಿಲ್ಲ. ಯೋಹಾನ 6:37ರಲ್ಲಿ, ತಂದೆಯು ಕೊಡುವವರೆಲ್ಲರೂ ತನ್ನ ಬಳಿಗೆ ಬರುವರೆಂದು ಹೇಳಿದ ಯೇಸು, ಅದೇ ಉಸಿರಿನಲ್ಲಿ, ಬರುವವನನ್ನು ತಾನು ತಳ್ಳಿಬಿಡುವುದೇ ಇಲ್ಲವೆಂದೂ ಹೇಳಿದ್ದಾನೆ. ಮೊದಲ ಅರ್ಧ ದೇವರಿಗೆ ಸೇರಿದ್ದು. ಪ್ರಶ್ನೆ ಕೇಳಿದವರಿಗೆ ಬೇಕಾದದ್ದು ಎರಡನೆಯ ಅರ್ಧದಲ್ಲಿದೆ.