ನಾರು ಹರಿಯುವುದಿಲ್ಲ, ಅಂಟಿದ ಜಾಗ ಬಿಡುತ್ತದೆ

1991ರಲ್ಲಿ ಸ್ವಿಟ್ಜರ್‌ಲೆಂಡಿನ ಲುಸರ್ನ್ ಬಳಿಯ ಇಬಾಖ್ ಸೇತುವೆಯ ಅಡಿಗೆ ಕಾರ್ಬನ್ ನಾರಿನ ಪಟ್ಟಿಗಳನ್ನು ಅಂಟಿಸಲಾಯಿತು. ಸಿಗ್ನಲ್ ದೀಪ ಕೂರಿಸಲೆಂದು ಕಾಂಕ್ರೀಟ್ ಕೊರೆಯುವಾಗ ಒಳಗಿದ್ದ ಬಿಗಿದ ಉಕ್ಕಿನ ತಂತಿಗಳಿಗೆ ಪೆಟ್ಟಾಗಿತ್ತು. ಉಕ್ಕಿನ ತಗಡು ಹಾಕುವುದಾದರೆ 175 ಕಿಲೋ ಬೇಕಿತ್ತು. ಕಾರ್ಬನ್ ಪಟ್ಟಿ 6.2 ಕಿಲೋ ಸಾಕಾಯಿತು. ಸಾರುವೆ ಕಟ್ಟಲಿಲ್ಲ, ಹೈಡ್ರಾಲಿಕ್ ಲಿಫ್ಟಿನ ಮೇಲೆ ನಿಂತೇ ಕೆಲಸ ಮುಗಿಯಿತು.

ಅಂಟಿಸಿ ಬಲಪಡಿಸುವ ಯೋಚನೆ ಅದಕ್ಕಿಂತ ಹಳೆಯದು. 1960ರ ದಶಕದಲ್ಲೇ ಫ್ರಾನ್ಸ್ ಮತ್ತು ದಕ್ಷಿಣ ಆಫ್ರಿಕದಲ್ಲಿ ಎಪಾಕ್ಸಿ ಎಂಬ ರಾಳದ ಅಂಟಿನಿಂದ ಬೀಮಿನ ಅಡಿಗೆ ಉಕ್ಕಿನ ತಗಡು ಅಂಟಿಸುತ್ತಿದ್ದರು. ತಗಡು ಭಾರ, ಅಂಟು ಗಟ್ಟಿಯಾಗುವ ತನಕ ಕೆಳಗಿನಿಂದ ಒತ್ತಿ ಹಿಡಿಯಬೇಕು. ಅದಕ್ಕಿಂತ ಕೆಟ್ಟದ್ದೆಂದರೆ ತಗಡಿನ ಬೆನ್ನಿಗೆ, ಕಣ್ಣಿಗೆ ಬೀಳದ ಕಡೆ, ತುಕ್ಕು ಹಿಡಿಯುತ್ತಿತ್ತು. 1980ರ ದಶಕದ ಮಧ್ಯದಲ್ಲಿ ಸ್ವಿಟ್ಜರ್‌ಲೆಂಡಿನ ಎಂಪಾ ಪ್ರಯೋಗಾಲಯದ ಉರ್ಸ್ ಮೈಯರ್ ತಂಡ ತುಕ್ಕು ಹಿಡಿಯದ ಕಾರ್ಬನ್ ಪಟ್ಟಿಯತ್ತ ತಿರುಗಿತು. ಜಪಾನಿನಲ್ಲಿ ಕಂಬಗಳಿಗೆ ನಾರಿನ ಹಾಳೆ ಸುತ್ತುವ ಪದ್ಧತಿ ಬೆಳೆಯಿತು. 1995ರ ಕೋಬೆ ಭೂಕಂಪದ ಬಳಿಕ ಅದು ವ್ಯಾಪಕವಾಯಿತು.

ಆದರೆ ಪ್ರಯೋಗಾಲಯಗಳಲ್ಲಿ ಬೀಮುಗಳನ್ನು ಮುರಿದು ನೋಡಿದಾಗ ಪಟ್ಟಿ ಹರಿಯುವುದು ಅಪರೂಪವಾಗಿತ್ತು. ಅದು ಕಾಂಕ್ರೀಟಿನ ತೆಳು ಪದರವನ್ನು ಕಿತ್ತುಕೊಂಡು ಸಿಡಿದು ಬೀಳುತ್ತಿತ್ತು. ನಡುವಿನ ಬಿರುಕಿನಿಂದ ಶುರುವಾಗಿ ತುದಿಯತ್ತ ಬಿಡುವುದು ಒಂದು ಬಗೆ. ಪಟ್ಟಿ ನಿಂತ ತುದಿಯಲ್ಲೇ ಶುರುವಾಗಿ, ಕಬ್ಬಿಣದ ಸರಳಿನ ಮಟ್ಟದಲ್ಲಿ ಹೊದಿಕೆ ಕಾಂಕ್ರೀಟೇ ಹಲಗೆಯಂತೆ ಎದ್ದು ಬರುವುದು ಇನ್ನೊಂದು. ಸರಳಿನಂತೆ ಮೊದಲು ಎಳೆದುಕೊಂಡು ಎಚ್ಚರಿಸುವ ಗುಣ ಕಾರ್ಬನ್ನಿಗಿಲ್ಲ.

ಇಂಥ ಪಟ್ಟಿ ಅಂಟಿಸುವ ವಿನ್ಯಾಸಕ್ಕೆ ಅಮೆರಿಕನ್ ಕಾಂಕ್ರೀಟ್ ಇನ್‌ಸ್ಟಿಟ್ಯೂಟಿನ 440.2ಆರ್ ಮಾರ್ಗಸೂಚಿ 2002ರಲ್ಲಿ ಬಂತು. 2008ರ ಆವೃತ್ತಿಯಿಂದ ಅದರಲ್ಲಿರುವ ಲೆಕ್ಕ ಒಂದೇ ಸಾಲಿನದು. ಕಾಂಕ್ರೀಟಿನ ಬಲವನ್ನು ಪದರಗಳ ಸಂಖ್ಯೆ, ಪಟ್ಟಿಯ ಸ್ಥಿತಿಸ್ಥಾಪಕ ಗುಣಾಂಕ (ಹಿಗ್ಗದೆ ತಡೆಯುವ ಬಿಗಿತದ ಅಳತೆ), ದಪ್ಪ ಈ ಮೂರರ ಗುಣಲಬ್ಧದಿಂದ ಭಾಗಿಸಿ, ವರ್ಗಮೂಲ ತೆಗೆದು, 0.41ರಿಂದ ಗುಣಿಸಬೇಕು. ಪಟ್ಟಿ ಕಳಚುವಾಗ ಎಷ್ಟು ಹಿಗ್ಗಿರುತ್ತದೆ ಎಂಬ ಪ್ರಮಾಣ ಸಿಗುತ್ತದೆ. 25 ಮೆಗಾಪ್ಯಾಸ್ಕಲ್ (ಚದರ ಮಿ.ಮೀ.ಗೆ 25 ನ್ಯೂಟನ್) ಬಲದ ಕಾಂಕ್ರೀಟ್, 1.2 ಮಿ.ಮೀ. ದಪ್ಪದ, 1,65,000 ಮೆಗಾಪ್ಯಾಸ್ಕಲ್ ಗುಣಾಂಕದ ಒಂದು ಪಟ್ಟಿ ಇಟ್ಟು ನೋಡಿ: 0.46 ಪ್ರತಿಶತ. ಅದೇ ಪಟ್ಟಿ ಹರಿಯಬೇಕಾದರೆ 1.7 ಪ್ರತಿಶತ ಹಿಗ್ಗಬೇಕು. ಅಂದರೆ ಕೊಂಡ ಬಲದಲ್ಲಿ ಕಾಲು ಭಾಗದಷ್ಟೇ ಕೆಲಸಕ್ಕೆ ಬರುತ್ತದೆ. ಮೇಲೊಂದು ಪಟ್ಟಿ ಅಂಟಿಸಿದರೆ ಮಿತಿ 0.33ಕ್ಕೆ ಇಳಿಯುತ್ತದೆ: ಸಾಮಗ್ರಿ ಎರಡರಷ್ಟು, ಸಿಗುವ ಎಳೆತಬಲ 1.4ರಷ್ಟು. ಪದರ ಹೆಚ್ಚಿಸಿ ಸಮಾಧಾನಪಡುವ ವಿನ್ಯಾಸಕಾರರು ಈ ಲೆಕ್ಕವನ್ನು ಒಮ್ಮೆ ಕೈಯಲ್ಲೇ ಮಾಡಿ ನೋಡಬೇಕು.

ಹಾಗಾಗಿ ಮೇಲ್ಮೈ ಸಿದ್ಧತೆಯೇ ಅರ್ಧ ಕೆಲಸ. ಸಿಮೆಂಟ್ ಹಾಲು ಒಣಗಿ ಕಟ್ಟಿದ ಪದರವನ್ನು ಗ್ರೈಂಡರಿನಿಂದಲೋ ಮರಳು ಸಿಡಿಸಿಯೋ ತೆಗೆದು ಜಲ್ಲಿ ಕಾಣಿಸಬೇಕು, ಧೂಳನ್ನು ಹೀರಿ ತೆಗೆಯಬೇಕು. ಲೋಹದ ಬಿಲ್ಲೆ ಅಂಟಿಸಿ ಎಳೆದರೆ ಕಾಂಕ್ರೀಟ್ ಕನಿಷ್ಠ 1.4 ಮೆಗಾಪ್ಯಾಸ್ಕಲ್ ತಡೆಯಬೇಕು. ಮೇಲ್ಮೈ ಬಿಸಿ ಇಬ್ಬನಿ ಕಟ್ಟುವ ಮಟ್ಟಕ್ಕಿಂತ 3 ಡಿಗ್ರಿಯಾದರೂ ಹೆಚ್ಚಿರಬೇಕು, ಇಲ್ಲವಾದರೆ ಕಾಣದ ತೇವದ ಮೇಲೆ ಅಂಟು ಕೂರುತ್ತದೆ. ಚೌಕ ಕಂಬದ ಮೂಲೆಗಳನ್ನು 13 ಮಿ.ಮೀ. ತ್ರಿಜ್ಯಕ್ಕಾದರೂ ದುಂಡಗೆ ಉಜ್ಜದಿದ್ದರೆ ಹಾಳೆ ಅಲ್ಲೇ ಕತ್ತರಿಸಿಕೊಳ್ಳುತ್ತದೆ. ಅಂಟು ಗಟ್ಟಿಯಾದ ಮೇಲೆ ಸಣ್ಣ ಸುತ್ತಿಗೆಯಿಂದ ತಟ್ಟಿ ಕೇಳಿದರೆ ಟೊಳ್ಳು ಸದ್ದು ಜಾಗ ಹೇಳುತ್ತದೆ. 1,300 ಚದರ ಮಿ.ಮೀ.ಗಿಂತ ಚಿಕ್ಕ ಟೊಳ್ಳು ಅಲ್ಲೊಂದು ಇಲ್ಲೊಂದು ಇದ್ದರೆ ಬಿಡಬಹುದು. 16,000 ದಾಟಿದರೆ ಕತ್ತರಿಸಿ ತೇಪೆ ಹಾಕಲೇಬೇಕು.

ಒಳಗೆ ತುಕ್ಕು ನಡೆದಿರುವಾಗ ಮೇಲೆ ಹಾಳೆ ಸುತ್ತುವುದು ದೊಡ್ಡ ತಪ್ಪು. ತುಕ್ಕು ಮೂಲ ಕಬ್ಬಿಣದ ಹಲವು ಪಟ್ಟು ಜಾಗ ಕೇಳುತ್ತದೆ, ಅಂಟಿದ ಕಾಂಕ್ರೀಟನ್ನೇ ಒಳಗಿನಿಂದ ತಳ್ಳುತ್ತದೆ. ಮೊದಲು ಸರಳಿನವರೆಗೆ ಒಡೆದು, ಉಜ್ಜಿ, ಹೊಸ ಗಾರೆ ತುಂಬಬೇಕು. ಕಾರ್ಬನ್ ನೇರವಾಗಿ ಉಕ್ಕಿಗೆ ತಾಗಕೂಡದು. ತಾಗಿದರೆ ಉಕ್ಕೇ ಬೇಗ ಸವೆಯುತ್ತದೆ.

ಬಗೆಹರಿಯದೆ ಉಳಿದದ್ದು ಬೆಂಕಿ. ಸಾಮಾನ್ಯ ಉಷ್ಣತೆಯಲ್ಲಿ ಗಟ್ಟಿಯಾಗುವ ಎಪಾಕ್ಸಿ ಸುಮಾರು 60ರಿಂದ 80 ಡಿಗ್ರಿಯಲ್ಲೇ ಮೆತ್ತಗಾಗುತ್ತದೆ. ಅದಕ್ಕೇ ಪಟ್ಟಿ ಪೂರ್ತಿ ಹೋದರೂ ಹಳೆಯ ಬೀಮ್ ತಾನೇ ಸ್ಥಿರ ಭಾರದ (ಕಟ್ಟಡದ ಸ್ವಂತ ಭಾರ) 1.1 ಪಟ್ಟು ಮತ್ತು ಚಲ ಭಾರದ (ಜನ, ವಾಹನ, ಸಾಮಾನು) 0.75 ಪಟ್ಟು ಹೊರಬೇಕೆಂದು 2008ರ ಆವೃತ್ತಿಯಿಂದ ನಿಯಮವಿದೆ. ಬೆಂಕಿಯ ತಪಾಸಣೆ ಬೇರೆ. ಹೊರಲಾಗದ ಬೀಮಿಗೆ ಈ ಮದ್ದು ಕೊಡುವಂತಿಲ್ಲ. ಎಪಾಕ್ಸಿಯ ಬದಲು ಸಿಮೆಂಟ್ ಗಾರೆಯಲ್ಲಿ ನಾರಿನ ಬಲೆ ಹುದುಗಿಸುವ ದಾರಿಯೂ ತೆರೆದಿದೆ, 2013ರಲ್ಲಿ ಅದಕ್ಕೂ ಮಾರ್ಗಸೂಚಿ ಬಂತು. ಗಾರೆ ಬಿಸಿ ತಾಳುತ್ತದೆ, ಆದರೆ ಸಿಮೆಂಟಿನ ಕಣ ನೂಲಿನೊಳಕ್ಕೆ ಇಳಿಯುವುದಿಲ್ಲ. ಹೊರಗಿನ ಎಳೆಗಳು ಹಿಡಿದು ನಿಂತರೂ ಒಳಗಿನವು ಜಾರುತ್ತವೆ. ಈಗಿನ ಸಂಶೋಧನೆ ಆ ಜಾರುವ ಒಳ ಎಳೆಗಳನ್ನು ಮೊದಲೇ ರಾಳದಲ್ಲಿ ತೋಯಿಸಿ ಹಿಡಿಸುವ ಪ್ರಯತ್ನದಲ್ಲಿದೆ.